ಸೊನ್ನೆ, ಒಂದು ಮತ್ತು ಸುಮ್ಮನಿರುವುದು

ಕಂಪ್ಯೂಟರಿಗೆ ಗೊತ್ತಿರುವುದು ಸೊನ್ನೆ ಮತ್ತು ಒಂದು, ಇವೆರಡೇ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಲೆಕ್ಕದ ಮಟ್ಟಿಗೆ ಅದು ನಿಜವೇ. ಆದರೆ ಕಂಪ್ಯೂಟರಿನ ಒಳಗಿರುವ ತಂತಿಗಳಿಗೆ ಇನ್ನೂ ಒಂದು ಸ್ಥಿತಿ ಬೇಕು. ಸೊನ್ನೆಯನ್ನೂ ಹೇಳದೆ, ಒಂದನ್ನೂ ಹೇಳದೆ, ತಂತಿಯ ಮೇಲಿನ ಹಿಡಿತ ಬಿಟ್ಟು ಸುಮ್ಮನಿರುವ ಸ್ಥಿತಿ. ಈ ಮೂರನೆಯದು ಇಲ್ಲದಿದ್ದರೆ ಪ್ರೊಸೆಸರಿನಿಂದ ಒಂದೊಂದು ಚಿಪ್ಪಿಗೂ ಬೇರೆ ಬೇರೆ ತಂತಿ ಎಳೆಯುವ ಪಾಡು ಬರುತ್ತಿತ್ತು. ಈ ಸುಮ್ಮನಿರುವಿಕೆಯ ಕಥೆಯನ್ನೇ ಇವತ್ತು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಉದಾಹರಣೆಗೆ ಒಂದು ಹಳೆಯ ಯಂತ್ರವನ್ನೇ ತೆಗೆದುಕೊಳ್ಳೋಣ. ಇಂಟೆಲ್ ಕಂಪನಿ 1976ರಲ್ಲಿ ಹೊರತಂದ 8085 ಎಂಬ ಮೈಕ್ರೋಪ್ರೊಸೆಸರ್. ನಮ್ಮ ಪಾಲಿಟೆಕ್ನಿಕ್ಕು, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರಲ್ಲಿ ಅನೇಕರು ಇದರ ಕಿಟ್ ಮುಂದೆ ಕೂತು ಲ್ಯಾಬ್ ಪರೀಕ್ಷೆ ಬರೆದವರೇ. ಹಸಿರು ಬೋರ್ಡು, ಒಂದು ಮೂಲೆಯಲ್ಲಿ ಸೊನ್ನೆಯಿಂದ ಎಫ್‌ವರೆಗಿನ ಕೀಗಳು, ಮೇಲುಗಡೆ ಕೆಂಪಗೆ ಬೆಳಗುವ ಆರು ಅಂಕಿಗಳು. ಇವತ್ತಿನ ಫೋನಿನ ಎದುರು ಇದರ ಶಕ್ತಿ ಏನೇನೂ ಅಲ್ಲ. ಆದರೂ ಕಂಪ್ಯೂಟರ್ ಅರ್ಥವಾಗಬೇಕೆನ್ನುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ, ಏಕೆಂದರೆ ಇದರಲ್ಲಿ ಯಾವುದೂ ಮುಚ್ಚಿಟ್ಟಿಲ್ಲ. ಒಂದೊಂದು ಗೆರೆಯನ್ನೂ ಕಣ್ಣಿನಲ್ಲಿ ಹಿಂಬಾಲಿಸಬಹುದು.

ಈ ಪ್ರೊಸೆಸರಿನಿಂದ ಹೊರಡುವ ತಂತಿಗಳ ಕಟ್ಟಿಗೆ ಬಸ್ ಎನ್ನುತ್ತಾರೆ. ವಿಳಾಸ ಹೇಳುವುದಕ್ಕೆ 16 ತಂತಿ. ಅವುಗಳಲ್ಲಿ 65,536 ಬೇರೆ ಬೇರೆ ಜಾಗಗಳನ್ನು ಹೆಸರಿಸಬಹುದು. ದತ್ತಾಂಶ ಸಾಗಿಸಲು 8 ತಂತಿ. ಓದು, ಬರೆ ಎಂದು ಸೂಚಿಸುವ ನಿಯಂತ್ರಣದ ತಂತಿಗಳು ಇನ್ನಷ್ಟು. ಮೆಮೊರಿ ಚಿಪ್ಪುಗಳು, ಕೀಬೋರ್ಡಿನ ಚಿಪ್ಪು, ಡಿಸ್‌ಪ್ಲೇ ಚಿಪ್ಪು, ಎಲ್ಲವೂ ದತ್ತಾಂಶದ ಅದೇ 8 ತಂತಿಗಳಿಗೆ ತಗಲಿಕೊಂಡಿರುತ್ತವೆ.

ತೊಡಕು ಇರುವುದು ಇಲ್ಲೇ. ಒಂದು ಚಿಪ್ಪು ತಂತಿಯ ಮೇಲೆ 'ಒಂದು' ಎನ್ನುವುದೆಂದರೆ ಒಳಗಿನ ಟ್ರಾನ್ಸಿಸ್ಟರ್ ಮೂಲಕ ಆ ತಂತಿಯನ್ನು 5 ವೋಲ್ಟಿನ ಕಡೆಗೆ ಎಳೆಯುವುದು. 'ಸೊನ್ನೆ' ಎನ್ನುವುದೆಂದರೆ ಗ್ರೌಂಡಿನ ಕಡೆಗೆ ಎಳೆಯುವುದು. ಎರಡು ಚಿಪ್ಪುಗಳು ಒಂದೇ ತಂತಿಯ ಮೇಲೆ, ಒಂದೇ ಕ್ಷಣದಲ್ಲಿ, ಒಂದು ಹೀಗೆ ಇನ್ನೊಂದು ಹಾಗೆ ಎಳೆದರೆ? 5 ವೋಲ್ಟಿನಿಂದ ಗ್ರೌಂಡಿಗೆ ನೇರ ದಾರಿ ತೆರೆದುಕೊಳ್ಳುತ್ತದೆ. ತಂತಿಯ ಮೇಲೆ ಸೊನ್ನೆಯೂ ಅಲ್ಲದ ಒಂದೂ ಅಲ್ಲದ ನಡುವಿನ ವೋಲ್ಟೇಜ್ ನಿಲ್ಲುತ್ತದೆ, ಚಿಪ್ಪುಗಳು ಬಿಸಿಯಾಗುತ್ತವೆ, ಹಾಗೆಯೇ ಬಿಟ್ಟರೆ ಸುಟ್ಟೂ ಹೋಗುತ್ತವೆ.

ಇದಕ್ಕೆ ಉಪಾಯವೇ ಮೂರು ಸ್ಥಿತಿಯ ಬಫರ್. ಬಫರಿನ ಹೊರಬಾಗಿಲಲ್ಲಿ ಎರಡು ಟ್ರಾನ್ಸಿಸ್ಟರುಗಳಿರುತ್ತವೆ. ಮೇಲಿನದು 5 ವೋಲ್ಟಿಗೆ, ಕೆಳಗಿನದು ಗ್ರೌಂಡಿಗೆ. ಮಾಮೂಲಿ ಗೇಟಿನಲ್ಲಿ ಇವುಗಳಲ್ಲಿ ಒಂದು ಸದಾ ಚಾಲೂ ಇರುತ್ತದೆ. ಬಫರಿನಲ್ಲಾದರೋ ಒಂದು ಹೆಚ್ಚುವರಿ ಪಿನ್ ಕೊಟ್ಟು, ಅದರ ಅಪ್ಪಣೆ ಬಂದಾಗ ಎರಡೂ ಟ್ರಾನ್ಸಿಸ್ಟರುಗಳು ಒಟ್ಟಿಗೆ ಬಂದ್ ಆಗುವಂತೆ ಮಾಡಿದ್ದಾರೆ. ಆಗ ಚಿಪ್ಪು ಬೋರ್ಡಿನ ಮೇಲೆಯೇ ಬೆಸುಗೆ ಹಾಕಿಸಿಕೊಂಡು ಕೂತಿದ್ದರೂ ವಿದ್ಯುತ್ತಿನ ಲೆಕ್ಕದಲ್ಲಿ ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಆಗುತ್ತದೆ. ಹತ್ತು ಚಿಪ್ಪುಗಳು ಒಂದೇ ತಂತಿಗೆ ಅಂಟಿಕೊಂಡಿರಲಿ, ಒಂಬತ್ತು ಸುಮ್ಮನಿದ್ದರೆ ಹತ್ತನೆಯದರ ಮಾತು ಸ್ಪಷ್ಟವಾಗಿ ಕೇಳುತ್ತದೆ.

ಬಫರಿಗೆ ಇನ್ನೊಂದು ಕೆಲಸವೂ ಇದೆ, ಬಲ ಕೊಡುವುದು. 8085ರ ಒಂದು ಪಿನ್ನು ಸೊನ್ನೆ ಹೇಳುವಾಗ ತಡೆದುಕೊಳ್ಳಬಲ್ಲ ಕರೆಂಟು 2 ಮಿಲಿಆಂಪಿಯರ್ ಅಷ್ಟೆ. ತಂತಿಗೆ ಚಿಪ್ಪುಗಳನ್ನು ಸೇರಿಸುತ್ತ ಹೋದಂತೆ ಹೊರೆ ಏರುತ್ತದೆ. ಸೊನ್ನೆಯಿಂದ ಒಂದಕ್ಕೆ ಏರಬೇಕಾದ ವೋಲ್ಟೇಜ್ ನಿಧಾನವಾಗಿ ತೆವಳುತ್ತದೆ. 74ಎಲ್‌ಎಸ್245 ಎಂಬ ಬಫರ್ ಚಿಪ್ಪನ್ನು ನಡುವೆ ಇಟ್ಟರೆ ಅದು 24 ಮಿಲಿಆಂಪಿಯರ್ ತಡೆದುಕೊಳ್ಳುತ್ತದೆ. ದತ್ತಾಂಶ ಎರಡೂ ದಿಕ್ಕಿಗೆ ಹರಿಯಬೇಕಲ್ಲ, ಅದಕ್ಕೆಂದೇ ಇದರಲ್ಲಿ ದಿಕ್ಕು ಬದಲಿಸುವ ಒಂದು ಪಿನ್ನೂ ಉಂಟು.

ಈಗ ಒಂದೇ ಒಂದು ಆದೇಶವನ್ನು ಹತ್ತಿರದಿಂದ ನೋಡೋಣ. ಕಿಟ್ಟಿನಲ್ಲಿ, ಹದಿನಾರರ ಎಣಿಕೆಯಲ್ಲಿ, 3ಎ, 50, 20 ಎಂದು ಮೂರು ಬೈಟ್ ತುಂಬುತ್ತೇವೆ. 2050 ಎಂಬ ವಿಳಾಸದಲ್ಲಿರುವುದನ್ನು ತೆಗೆದುಕೊಂಡು ಬಾ ಎಂಬುದು ಅದರ ಅರ್ಥ. ಪ್ರೊಸೆಸರ್ ಮೊದಲು ಮೂರು ಬಾರಿ ಮೆಮೊರಿಗೆ ಹೋಗಿ ಈ ಮೂರು ಬೈಟುಗಳನ್ನೇ ತರುತ್ತದೆ. ನಾಲ್ಕನೆಯ ಬಾರಿ ಹೋಗುವುದು ನಿಜವಾದ ಮಾಲಿಗೆ. ಆ ನಾಲ್ಕನೆಯ ಸಲ ಏನಾಗುತ್ತದೆ ಕೇಳಿ.

8085ರಲ್ಲಿ ಇರುವುದು 40 ಪಿನ್ನು ಮಾತ್ರ. ಜಾಗ ಸಾಲದೆ, ವಿಳಾಸದ ಕೆಳಗಿನ ಅರ್ಧಕ್ಕೂ ದತ್ತಾಂಶಕ್ಕೂ ಅದೇ 8 ಪಿನ್ನುಗಳನ್ನು ಹಂಚಿಕೊಟ್ಟಿದ್ದಾರೆ. ಮೊದಲು ಪ್ರೊಸೆಸರ್ ಪೂರ್ತಿ ವಿಳಾಸವನ್ನು ತಂತಿಗಳ ಮೇಲೆ ಇಟ್ಟು, ಎಎಲ್‌ಇ ಎಂಬ ಪಿನ್ನಿನಲ್ಲಿ ಒಂದು ಸಣ್ಣ ಮಿಡಿತ ಕೊಡುತ್ತದೆ. ಪಕ್ಕದಲ್ಲಿರುವ 74ಎಲ್‌ಎಸ್373 ಎಂಬ ಲ್ಯಾಚ್ ಆ ಮಿಡಿತ ಇಳಿಯುವಷ್ಟರಲ್ಲಿ ವಿಳಾಸದ ಕೆಳಗಿನ ಅರ್ಧವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೂಡಲೇ ಪ್ರೊಸೆಸರ್ ಆ 8 ಪಿನ್ನುಗಳ ಹಿಡಿತ ಬಿಟ್ಟುಬಿಡುತ್ತದೆ. ಒಂದು ಕಿರುಗಳಿಗೆ ಆ ತಂತಿಗಳ ಮೇಲೆ ಯಾರ ಯಜಮಾನಿಕೆಯೂ ಇಲ್ಲ. ಆಮೇಲೆ 'ಓದು' ಎಂಬ ಸಂಕೇತ ಇಳಿಯುತ್ತದೆ; ವಿಳಾಸ ನೋಡಿ ಡಿಕೋಡರ್ ಎಂಬ ಚಿಪ್ಪು ಆರಿಸಿದ ಮೆಮೊರಿ ಚಿಪ್ಪು ತನ್ನ ಬಫರುಗಳನ್ನು ತೆರೆದು ಬೈಟನ್ನು ತಂತಿಯ ಮೇಲೆ ಇಡುತ್ತದೆ; ಪ್ರೊಸೆಸರ್ ಅದನ್ನು ಒಳಗೆ ಎಳೆದುಕೊಂಡು ಸಂಕೇತವನ್ನು ಮೇಲೆತ್ತುತ್ತದೆ; ಮೆಮೊರಿ ಮತ್ತೆ ಸುಮ್ಮನಾಗುತ್ತದೆ. ನಾಲ್ಕೂ ಓಡಾಟ ಸೇರಿ ಕ್ಲಾಕಿನ 13 ಸುತ್ತು, ಅಂದರೆ ಸೆಕೆಂಡಿಗೆ 30 ಲಕ್ಷ ಸುತ್ತಿನ ವೇಗದಲ್ಲಿ ಸುಮಾರು 4 ಮೈಕ್ರೋಸೆಕೆಂಡು. ಯಾವಾಗ ಹೇಳಬೇಕು, ಯಾವಾಗ ಬಿಟ್ಟುಕೊಡಬೇಕು ಎಂಬ ಈ ಶಿಸ್ತು ನನಗೆ ಪ್ರೊಸೆಸರಿನ ಒಳಗಿನ ಕೂಡು-ಕಳೆಯುವ ಜಾಣತನಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಯಾವ ಚಿಪ್ಪೂ ಇಲ್ಲದ ವಿಳಾಸವನ್ನು ಕೇಳಿದರೆ ಏನಾದೀತು? ಉತ್ತರಿಸುವವರು ಯಾರೂ ಇಲ್ಲ, ಆದರೆ ಹಾಗೆಂದು ಪ್ರೊಸೆಸರಿಗೆ ತಿಳಿಸುವ ವ್ಯವಸ್ಥೆಯೂ ಇಲ್ಲ. ತಂತಿಗಳಿಗೆ ರೆಸಿಸ್ಟರ್ ಕಟ್ಟಿ 5 ವೋಲ್ಟಿಗೆ ಎಳೆದಿಟ್ಟಿದ್ದರೆ ಎಂಟೂ ತಂತಿಗಳಲ್ಲಿ 'ಒಂದು' ಸಿಗುತ್ತದೆ, ಅಂದರೆ ಎಫ್‌ಎಫ್. 8085ಕ್ಕೆ ಎಫ್‌ಎಫ್ ಎಂಬುದೂ ಒಂದು ಆದೇಶವೇ: 0038 ಎಂಬ ವಿಳಾಸಕ್ಕೆ ನೆಗೆ ಎನ್ನುವುದು. ಪ್ರೋಗ್ರಾಮ್ ದಾರಿ ತಪ್ಪಿ ಖಾಲಿ ಜಾಗಕ್ಕೆ ಕಾಲಿಟ್ಟಿದೆ ಎಂಬುದನ್ನು ಅನುಭವಸ್ಥರು ಈ ನೆಗೆತದಿಂದಲೇ ಗುರುತಿಸುತ್ತಾರೆ.

ಇನ್ನು ಮೆಮೊರಿ. ರೀಸೆಟ್ ಆದೊಡನೆ 8085 ನೋಡುವುದು ಸೊನ್ನೆ ವಿಳಾಸವನ್ನು. ಆ ಹೊತ್ತಿಗೆ ಅಲ್ಲಿ ಆದೇಶ ಸಿದ್ಧವಿರಲೇಬೇಕು, ಆದ್ದರಿಂದ ಕರೆಂಟು ಹೋದರೂ ಮರೆಯದ ಮೆಮೊರಿ ಅಲ್ಲಿ ಬೇಕು. ಕಿಟ್ಟುಗಳಲ್ಲಿ ಆ ಜಾಗಕ್ಕೆ ಈಪ್ರಾಮ್ ಹಾಕುತ್ತಿದ್ದರು. ಅದರ ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಟಕಿ. ಅತಿನೇರಳೆ ಬೆಳಕು ಬಿಟ್ಟರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಕಿಟಕಿಯ ಮೇಲೆ ಸ್ಟಿಕ್ಕರ್ ಅಂಟಿಸುತ್ತಿದ್ದುದು ಅದಕ್ಕೇ.

ನಾವು ಬರೆಯುವ ಪ್ರೋಗ್ರಾಮಿಗೆ ಇರುವುದು ರ‍್ಯಾಮ್. ಅದರಲ್ಲಿ ಎರಡು ಜಾತಿ. ಸ್ಟ್ಯಾಟಿಕ್ ರ‍್ಯಾಮಿನ ಒಂದು ಬಿಟ್ಟಿಗೆ ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರು. ನಾಲ್ಕು ಒಂದನ್ನೊಂದು ಆತುಕೊಂಡು ಬಿಟ್ಟನ್ನು ಕಾಯುತ್ತವೆ; ಉಳಿದೆರಡು, ಕರೆ ಬಂದಾಗ ಮಾತ್ರ ಕೋಶವನ್ನು ತಂತಿಗೆ ಸೇರಿಸುವ ಬಾಗಿಲುಗಳು. ವೇಗ ಹೆಚ್ಚು, ಜಾಗವೂ ಹೆಚ್ಚು.

1966ರಲ್ಲಿ ಅಮೆರಿಕದ ಐಬಿಎಂ ಸಂಶೋಧನಾಲಯದ ರಾಬರ್ಟ್ ಡೆನ್ನಾರ್ಡ್ ಈ ಆರನ್ನು ಒಂದಕ್ಕೆ ಇಳಿಸಿದರು. ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್, ಮುಗಿಯಿತು. ಕೆಪಾಸಿಟರಿನಲ್ಲಿ ವಿದ್ಯುದಂಶ ತುಂಬಿದ್ದರೆ ಒಂದು, ಖಾಲಿಯಾಗಿದ್ದರೆ ಸೊನ್ನೆ. 1968ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಆದರೆ 1970ರಲ್ಲಿ ಬಂದು ಮಾರುಕಟ್ಟೆ ಗೆದ್ದ ಇಂಟೆಲ್‌ನ 1103 ಚಿಪ್ಪಿನಲ್ಲಿ ಇನ್ನೂ ಮೂರು ಟ್ರಾನ್ಸಿಸ್ಟರಿನ ಕೋಶವೇ ಇತ್ತು. ಹಿಡಿಸುತ್ತಿದ್ದುದು 1,024 ಬಿಟ್. ಡೆನ್ನಾರ್ಡರ ಕೋಶ ಗಟ್ಟಿಯಾಗಿ ನೆಲೆಯೂರಿದ್ದು ಅದರ ಮುಂದಿನ ಪೀಳಿಗೆಯಲ್ಲಿ. ಇವತ್ತು 8 ಜಿಬಿ ರ‍್ಯಾಮ್ ಎಂದರೆ ಇಂಥ 6,800 ಕೋಟಿಗೂ ಹೆಚ್ಚು ಕೋಶಗಳು. ಅದನ್ನೇ ಆರು ಟ್ರಾನ್ಸಿಸ್ಟರಿನ ಲೆಕ್ಕದಲ್ಲಿ ಕಟ್ಟಲು ಹೊರಟರೆ 41,000 ಕೋಟಿ ಟ್ರಾನ್ಸಿಸ್ಟರು ಬೇಕು.

ಈ ಉಳಿತಾಯಕ್ಕೆ ತೆರಬೇಕಾದ ಬೆಲೆಯೂ ಇದೆ. ಒಂದು ಕೋಶದಲ್ಲಿ ನಿಲ್ಲುವುದು ಹತ್ತಾರು ಸಾವಿರ ಎಲೆಕ್ಟ್ರಾನ್ ಇದ್ದೀತು, ಅದೂ ಮೆಲ್ಲಗೆ ಸೋರುತ್ತದೆ. ಓದುವುದಕ್ಕೆಂದು ಬಾಗಿಲು ತೆರೆದರೆ ಇದ್ದದ್ದು ಉದ್ದನೆಯ ತಂತಿಯ ಮೇಲೆ ಚೆದುರಿ, ಕೋಶ ತನ್ನ ನೆನಪನ್ನೇ ಕಳೆದುಕೊಳ್ಳುತ್ತದೆ. ಆದ್ದರಿಂದ ತಂತಿಯ ತುದಿಯಲ್ಲಿರುವ ಆಂಪ್ಲಿಫೈಯರು ಆ ಕ್ಷೀಣ ವ್ಯತ್ಯಾಸವನ್ನು ಗುರುತಿಸಿ, ಹಿಗ್ಗಿಸಿ, ಓದಿದ್ದನ್ನು ಮತ್ತೆ ಅಲ್ಲೇ ಬರೆದಿಡಬೇಕು. ಯಾರೂ ಓದದೆ ಇದ್ದರೂ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಪ್ರತಿಯೊಂದು ಸಾಲಿಗೂ ಒಮ್ಮೆ ಈ ಉಪಚಾರ ನಡೆಯಲೇಬೇಕು. ಇದಕ್ಕೆ ರಿಫ್ರೆಶ್ ಎನ್ನುತ್ತಾರೆ. ಈಗ ಬಳಕೆಯಲ್ಲಿರುವ ಅನೇಕ ಚಿಪ್ಪುಗಳಲ್ಲಿ ಅದಕ್ಕಾಗಿ 8,192 ಅಪ್ಪಣೆಗಳನ್ನು ಹಂಚಿ ಕೊಡುತ್ತಾರೆ, ಸರಾಸರಿ 7.8 ಮೈಕ್ರೋಸೆಕೆಂಡಿಗೊಂದು. ನೀವು ಫೋನಿನ ಪರದೆ ನೋಡುತ್ತ ಸುಮ್ಮನೆ ಕೂತಿರುವಾಗಲೂ ಈ ಕೆಲಸ ನಿಂತಿರುವುದಿಲ್ಲ.

ಅಂದಹಾಗೆ, 64 ಮಿಲಿಸೆಕೆಂಡ್ ಎಂಬುದು ಅತಿ ದುರ್ಬಲ ಕೋಶವನ್ನು ಗಮನದಲ್ಲಿಟ್ಟು ಹಾಕಿದ ಲೆಕ್ಕ. ಬಹುಪಾಲು ಕೋಶಗಳು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ತಾಳುತ್ತವೆ. ಕರೆಂಟು ತೆಗೆದ ಮೇಲೂ ಕೆಲವು ಸೆಕೆಂಡು, ಚಿಪ್ಪನ್ನು ಚೆನ್ನಾಗಿ ತಣ್ಣಗೆ ಮಾಡಿದರೆ ಹಲವು ನಿಮಿಷ ನೆನಪು ಉಳಿಯುತ್ತದೆ ಎಂದು 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಆರಿಸಿದ ಲ್ಯಾಪ್‌ಟಾಪಿನ ರ‍್ಯಾಮಿನಿಂದ ಗುಪ್ತ ಕೀಲಿಗಳನ್ನು ಹೊರತೆಗೆಯಬಹುದು ಎಂಬುದು ಆಗ ಭದ್ರತೆಯ ಕ್ಷೇತ್ರದವರ ನಿದ್ದೆ ಕೆಡಿಸಿತ್ತು.

ಮತ್ತೆ ಬಸ್ಸಿನ ಮಾತಿಗೆ ಬರೋಣ. ವೇಗ ಏರಿದಂತೆ ಹಲವರು ಹಂಚಿಕೊಳ್ಳುವ ಬಸ್ಸುಗಳು ಹಿಂದೆ ಸರಿದಿವೆ. ಒಂದೇ ತಂತಿಗೆ ಹಲವು ಕವಲುಗಳಿದ್ದರೆ ಅತಿ ವೇಗದ ಸಂಕೇತಗಳು ಕವಲುಗಳಲ್ಲಿ ಬಡಿದು ಹಿಂದಿರುಗಿ ಒಂದಕ್ಕೊಂದು ಬೆರೆತು ಕೆಡುತ್ತವೆ. ಹಾಗಾಗಿ ಹಳೆಯ ಪಿಸಿಐ ಬಸ್ಸಿನ ಜಾಗಕ್ಕೆ ಬಂದ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಪ್ರತಿಯೊಂದು ಸಾಧನಕ್ಕೂ ಅದರದೇ ನೇರ ಜೋಡಣೆ. ಹೋಗಲು ಒಂದು ಜೋಡಿ ತಂತಿ, ಬರಲು ಇನ್ನೊಂದು. ಮೆಮೊರಿ ಮಾತ್ರ ಹಳೆಯ ಪದ್ಧತಿಯನ್ನು ಬಿಟ್ಟಿಲ್ಲ. ಇಂದಿನ ಡಿಡಿಆರ್ ರ‍್ಯಾಮಿನಲ್ಲೂ ಓದುವ ದತ್ತಾಂಶ, ಬರೆಯುವ ದತ್ತಾಂಶ ಎರಡೂ ಅವೇ ತಂತಿಗಳ ಮೇಲೆ ಓಡಾಡುತ್ತವೆ. ದಿಕ್ಕು ಬದಲಾಗುವಾಗ ಒಬ್ಬರು ಹಿಡಿತ ಬಿಟ್ಟು ಇನ್ನೊಬ್ಬರು ಹಿಡಿಯುವ ತನಕ ತಂತಿ ಖಾಲಿ ಇರಬೇಕು, ಅಷ್ಟು ಸಮಯ ನಷ್ಟ. ಆ ನಷ್ಟವನ್ನು ತಗ್ಗಿಸಲು ಮೆಮೊರಿ ಕಂಟ್ರೋಲರ್ ಬರೆಯುವ ಕೆಲಸಗಳನ್ನು ಕಟ್ಟಿಟ್ಟುಕೊಂಡು, ಓದುವುದನ್ನೆಲ್ಲ ಸಾಲಾಗಿ ಮುಗಿಸಿ, ಆಮೇಲೆ ಒಟ್ಟಿಗೆ ಬರೆದುಬಿಡುತ್ತದೆ.