ಚೀಟಿ ನಾನು ಅಚ್ಚು ಹಾಕಿಕೊಡುತ್ತೇನೆ



ಚರ್ಚ್ ಸ್ಟ್ರೀಟಿನ ಪಬ್ಬಿನಲ್ಲಿ ಬ್ಯಾಂಡ್ ಬಾರಿಸುವ ನಮ್ಮ ಹುಡುಗರ ಪೋಸ್ಟರು ಅಚ್ಚಾಗುವುದು ನನ್ನ ಪ್ರೆಸ್ಸಿನಲ್ಲೇ. ಒಂದು ರಾತ್ರಿ ಹೋಗಿ ಕೂತೆ. ಡ್ರಮ್ಮು, ಸ್ಪೀಕರು ಮೆಟ್ಟಿಲು ಹತ್ತಿಸಿದವರೂ ಅವರೇ. ಮೂರು ಗಂಟೆ ಹಳೇ ಇಂಗ್ಲಿಷ್ ಹಾಡು. ಜನರ ಕಣ್ಣೆಲ್ಲ ಕ್ರಿಕೆಟ್ ಪರದೆಯ ಮೇಲೆ. ಕೊನೆಗೆ ಶಿಶುನಾಳ ಷರೀಫರ ಪದ ಎತ್ತಿಕೊಂಡರು. ಎರಡನೇ ಸಾಲಿಗೇ ಮ್ಯಾನೇಜರ್ ಕೈಬೀಸಿ ನಿಲ್ಲಿಸಿದ.

ಅದೇ ಷರೀಫರನ್ನು ಗಿಟಾರಿಗೆ ಹೊಂದಿಸಿ ಹಾಡಿದ ರಘು ದೀಕ್ಷಿತ್ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆ ಹತ್ತಿದರು! ಅಲ್ಲಿ ಸಲ್ಲುವುದು ಬೆಂಗಳೂರಿನಲ್ಲಿ ಸಲ್ಲದೇ?

ಮ್ಯಾನೇಜರನ ಜೊತೆ ಜಗಳವಾಡಿ ಬಂದೆ. ಆದರೆ ಅಲ್ಲಿ ಕೂತಿದ್ದವರಲ್ಲಿ ಅರ್ಧ ಜನ ನಿಮ್ಮಂಥ ಕನ್ನಡದವರೇ. ಒಬ್ಬರೂ ‘ಹಾಡಲಿ ಬಿಡ್ರೀ’ ಎನ್ನಲಿಲ್ಲ. ಶನಿವಾರ ಅವರು ಮತ್ತೆ ಬಾರಿಸುತ್ತಾರೆ. ಬನ್ನಿ, ಮುಂದಿನ ಮೇಜಿನಲ್ಲೇ ಕೂತು ಕನ್ನಡ ಹಾಡಿಗೆ ಚೀಟಿ ಕಳಿಸಿ. ಚೀಟಿ ನಾನು ಅಚ್ಚು ಹಾಕಿಕೊಡುತ್ತೇನೆ, ದುಡ್ಡು ಬೇಡ.