ತರಗತಿಯ ಹೊರಗೆ ನಿಂತ ಹುಡುಗ

ನಮ್ಮ ನುಡಿಗಟ್ಟುಗಳು ಎಲ್ಲರಿಗೂ ಒಂದೇ ಅರ್ಥ ಕೊಡುತ್ತವೆಂದು ನಂಬಿಯೇ ನಾವು ಪಾಠ ಹೇಳುತ್ತೇವೆ. ನಾನು ಕನ್ನಡ ಕಲಿಸುತ್ತಿದ್ದ ಪ್ರೌಢಶಾಲೆಯೊಂದರಲ್ಲಿ ಆಟಿಸಂ ಇದ್ದ ಹುಡುಗನೊಬ್ಬನಿದ್ದ. “ತಲೆ ಎಲ್ಲಿಟ್ಟಿದ್ದೀಯೋ?” ಎಂದು ಗಣಿತದ ಮೇಷ್ಟರು ಗದರಿದಾಗ ಅವನು ತಲೆ ಮುಟ್ಟಿಕೊಂಡು, “ಇಲ್ಲೇ ಇದೆ ಸಾರ್” ಎಂದ. ಆಡಿದ ಮಾತನ್ನು ಅಕ್ಷರಶಃ ಗ್ರಹಿಸುವುದು ಆಟಿಸಂ ಇರುವ ಹಲವರ ರೀತಿ. ತರಗತಿ ನಕ್ಕಿತು, ಉದ್ಧಟತನವೆಂದು ಅವನನ್ನು ಹೊರಗೆ ನಿಲ್ಲಿಸಲಾಯಿತು. ಕೇಳಿದ್ದಕ್ಕೆ ಸರಿಯುತ್ತರ ಕೊಟ್ಟು ಶಿಕ್ಷೆ ಪಡೆದವನು ಆ ಶಾಲೆಯಲ್ಲಿ ಅವನೊಬ್ಬನೇ ಇರಬೇಕು! ಗಂಟೆಯ ಸದ್ದಿಗೆ ಅವನು ಕಿವಿ ಮುಚ್ಚಿಕೊಳ್ಳುವುದನ್ನು ಕಂಡ ಹುಡುಗರು ಬೇಕೆಂದೇ ಅವನ ಬೆನ್ನ ಹಿಂದೆ ಡೆಸ್ಕು ಬಡಿಯತೊಡಗಿದರು.

1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಎಂಬ ಹೆಸರೇ ಇರಲಿಲ್ಲ. 2016ರ ಕಾಯಿದೆ ಅದನ್ನು ಸೇರಿಸಿತು. ಪರೀಕ್ಷೆಯಲ್ಲಿ ಹೆಚ್ಚಿನ ಕಾಲಾವಕಾಶ, ಬರೆದುಕೊಡಲು ಒಬ್ಬ ಸಹಾಯಕ, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ, ಇವೆಲ್ಲದರ ಮಾತು ಅದರಲ್ಲಿ ಉಂಟು. ಆದರೆ ಹತ್ತನೆಯ ತರಗತಿಯೆಂದರೆ ಶಾಲೆಗಳಿಗೆ ನೂರಕ್ಕೆ ನೂರು ಫಲಿತಾಂಶದ ಹಂಬಲ. ಮುಖ್ಯೋಪಾಧ್ಯಾಯರು ಹುಡುಗನ ತಂದೆಯನ್ನು ಕರೆಸಿ, “ಅವನಿಗೂ ಕಷ್ಟ, ನಿಮಗೂ ಕಷ್ಟ, ಟಿ.ಸಿ. ತೆಗೆದುಕೊಂಡುಬಿಡಿ” ಎಂದು ಬಹಳ ಮೃದುವಾಗಿಯೇ ಹೇಳಿದರು. ಗದರಿಕೆಗಿಂತ ಈ ಮೃದುತ್ವವೇ ಹೆಚ್ಚು ಕ್ರೂರವೆಂದು ನನಗೆ ತೋರುತ್ತದೆ, ಗದರಿದವರಿಗಾದರೆ ಎದುರಾಡಬಹುದು.

ಅರ್ಜಿ ಬರೆಯಲು ಆ ತಂದೆ ನನ್ನಲ್ಲಿ ಒಂದು ಹಾಳೆ ಕೇಳಿದರು. ಕಾಯಿದೆಯ ವಿಷಯವನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ, ನಾನು ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ಅದೇ ಹಾಳೆಯ ಮೇಲೆ ಅವರು ಪರೀಕ್ಷೆಯ ಹೆಚ್ಚಿನ ಕಾಲಾವಕಾಶಕ್ಕಾಗಿ ಅರ್ಜಿ ಬರೆದರು.