ಪಿಕಪ್ ಗಾಡಿಯ ಬ್ರೇಕ್ ಡಿಸ್ಕ್ ಬೇಗ ಹಾಳಾಗುವುದೇಕೆ?

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಾಹನ ಮಾಲೀಕರ ಮತ್ತು ಚಾಲಕರ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನನ್ನಂಥ ಸಾಮಾನ್ಯ ಸದಸ್ಯನನ್ನೂ ಕರೆದು ನಾಲ್ಕು ಮಾತು ಹೇಳಲು ಅವಕಾಶ ಕೊಟ್ಟಿದ್ದೀರಿ. ಅದಕ್ಕಾಗಿ ಆಡಳಿತ ಮಂಡಳಿಗೆ ನನ್ನ ವಂದನೆಗಳು. ಸಹಕಾರ ತತ್ವದ ಬಗ್ಗೆ ಹೇಳಲು ತಿಳಿದವರು ವೇದಿಕೆಯ ಮೇಲೆಯೇ ಬಹಳ ಮಂದಿ ಇದ್ದಾರೆ. ನನಗೆ ಗೊತ್ತಿರುವುದು ಗಾಡಿ ಒಂದೇ. ಹಾಗಾಗಿ ಗಾಡಿಯ ವಿಷಯವನ್ನೇ ಹೇಳುತ್ತೇನೆ.

ಸಂಘದ ಸಾಲದಲ್ಲಿ ಈ ಊರಿಗೆ ಬಂದ ಪಿಕಪ್‌ಗಳು ಈಗ ಹತ್ತು ಹನ್ನೆರಡಾದರೂ ಇವೆ. ಮಲ್ಪೆ ಬಂದರಿನಿಂದ ಮೀನು, ನಮ್ಮ ಗೋದಾಮಿನಿಂದ ಗೊಬ್ಬರ, ತೋಟದಿಂದ ತೆಂಗಿನಕಾಯಿ ಎಲ್ಲವೂ ಅವುಗಳ ಮೇಲೆಯೇ ಹೋಗಬೇಕು. ನಾಲ್ಕು ಮಾಲೀಕರು ಎಲ್ಲಿ ಸೇರಿದರೂ ಬರುವ ಮಾತು ಒಂದೇ: "ಡಿಸ್ಕ್ ಹೋಯ್ತು ಮಾರಾಯ್ರೇ, ಹಾಕಿ ವರ್ಷ ಆಗಲಿಲ್ಲ."

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. 2018ರಲ್ಲಿ ಸಂಘದ ಸಾಲದಿಂದ ಪಿಕಪ್ ತೆಗೆದೆ. ಮೀನಿನ ಬಾಡಿಗೆ. ಬೆಳಗಿನ ಜಾವ ಮಲ್ಪೆಯಲ್ಲಿ ಲೋಡು, ಆಮೇಲೆ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿ, ಶಿವಮೊಗ್ಗ. ಗಾಡಿ 28 ಸಾವಿರ ಕಿ.ಮೀ. ಓಡುವಷ್ಟರಲ್ಲಿ ಮುಂದಿನ ಎರಡೂ ಡಿಸ್ಕ್ ಹಾಳಾದವು. ಹೊಸದು ಹಾಕಿಸಿದೆ. ಅವುಗಳ ಕತೆಯೂ ಅಷ್ಟೇ ಆಯಿತು. ಗಾಡಿ ಮಾಡಿದವರನ್ನು ಬೈದೆ, ಮಾರಿದವರನ್ನು ಬೈದೆ, ಡಿಸ್ಕ್ ಜೋಡಿಸಿದ ಮೆಕ್ಯಾನಿಕ್‌ನನ್ನೂ ಬಿಡಲಿಲ್ಲ.

2021ರ ಆಗಸ್ಟ್ ತಿಂಗಳು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನ ನನ್ನ ಗಾಡಿ ಮನೆಯ ಅಂಗಳದಲ್ಲಿ ತೆಂಗಿನ ಮರದ ಅಡಿ ಮಳೆಯಲ್ಲಿ ನೆನೆಯುತ್ತಾ ನಿಂತಿತ್ತು. ನಿಷೇಧ ಮುಗಿದ ಮಾರನೇ ದಿನವೇ ಹೊರಡಿಸಿದೆ. ಗಾಡಿ ಬಿಡುತ್ತಿದ್ದವನು ನನ್ನ ತಮ್ಮನ ಮಗ. ವಾರ ಕಳೆಯುವುದರೊಳಗೆ ಅವನು ಹೇಳಿದ, "ದೊಡ್ಡಪ್ಪ, ಬ್ರೇಕ್ ಒತ್ತಿದ್ರೆ ಪೆಡಲ್ ಕಾಲಿಗೆ ಕುಟ್ತದೆ. ಗಾಡಿ ಒಂದು ಬದಿಗೆ ಎಳೀತದೆ." ನಾನು ಹೇಳಿದೆ, "ಈ ತಿಂಗಳ ಕಂತು ಒಂದು ಕಟ್ಟಿ ಆಗಲಿ, ಮುಂದಿನ ವಾರ ನೋಡುವ."

ಆ ಮುಂದಿನ ವಾರ ಬರಲಿಲ್ಲ. ಶಿವಮೊಗ್ಗದಿಂದ ತೌಡಿನ ಮೂಟೆ ಹೇರಿಕೊಂಡು ಘಾಟಿ ಇಳಿಯುವಾಗ ಪೆಡಲ್ ನೆಲಕ್ಕೆ ಹೋಯಿತು. ಹುಡುಗ ಗಾಡಿಯನ್ನು ಗೇರಿನಲ್ಲೇ ಹಿಡಿದು, ಹ್ಯಾಂಡ್ ಬ್ರೇಕ್ ಎಳೆದು, ಬೆಟ್ಟದ ಕಡೆಯ ಚರಂಡಿಗೆ ಇಳಿಸಿದ. ಅವನ ಎಡಗೈ ಮುರಿಯಿತು. ಆಚೆ ಬದಿ ಕಣಿವೆ. ಆ ದಿನ ನನ್ನ ತಮ್ಮನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಗಾಡಿಯನ್ನು ಹೆಬ್ರಿ ಕಡೆಯ ಒಬ್ಬರು ಹಿರಿಯ ಮೆಕ್ಯಾನಿಕ್ ಬಿಚ್ಚಿದರು. ಡಿಸ್ಕನ್ನು ನನ್ನ ಕೈಗೇ ಕೊಟ್ಟರು. ಒಳಮುಖದಲ್ಲಿ ಪ್ಯಾಡಿನ ಹಿಂದಿನ ತಗಡು ಉಜ್ಜಿ ಬಿದ್ದ ಆಳವಾದ ಗೀರುಗಳು. ಹೊರಮುಖದಲ್ಲಿ ಪದರು ಪದರಾಗಿ ಎದ್ದ ತುಕ್ಕು. "ಇದು ಡಿಸ್ಕಿನ ದೋಷ ಅಲ್ಲ ಮಾರಾಯ್ರೇ. ಈ ಪಿನ್ ಜಾಮ್ ಆಗಿ ಎಷ್ಟು ಕಾಲ ಆಯ್ತು? ನೀವು ಚಕ್ರ ಬಿಚ್ಚಿ ನೋಡಿದ್ದು ಯಾವಾಗ?" ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಅವರು ಅಂದು ಕಲಿಸಿದ್ದನ್ನು, ಆಮೇಲೆ ನಾನೇ ನೋಡಿ ತಿಳಿದದ್ದನ್ನು ಈಗ ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಕಡೆಯ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಕ್ಕೆ ಡಿಸ್ಕ್, ಹಿಂದಿನದಕ್ಕೆ ಡ್ರಮ್. ಸೈಕಲ್ಲಿನ ರಿಮ್ಮನ್ನು ಎರಡು ಕಡೆಯಿಂದ ರಬ್ಬರು ಹಿಡಿಯುವ ಹಾಗೆ, ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡುಗಳು ಹಿಡಿಯುತ್ತವೆ. ಡಿಸ್ಕ್ ಮಾಡುವುದು ಬೀಡು ಕಬ್ಬಿಣದಿಂದ. ಬಿಸಿ ತಡೆಯಲು, ಸದ್ದು ಅಡಗಿಸಲು ಅದು ಒಳ್ಳೆಯದು, ಬೆಲೆಯೂ ಕಡಿಮೆ. ಆದರೆ ತುಕ್ಕು ಹಿಡಿಯುತ್ತದೆ. ಪ್ಯಾಡು ಉಜ್ಜುವ ಜಾಗಕ್ಕೆ ಬಣ್ಣ ಬಳಿಯುವಂತಿಲ್ಲ. ಎಣ್ಣೆಯನ್ನಂತೂ ಹಚ್ಚಲೇ ಬಾರದು. ತುಕ್ಕು ಬಾರದಿರಲಿ ಎಂದು ಯಾರಾದರೂ ಎಣ್ಣೆ ಸವರಿದರೆ ಗಾಡಿ ನಿಲ್ಲುವುದಿಲ್ಲ.

ಒಂದು ರಾತ್ರಿ ಮಳೆಯಲ್ಲಿ ನಿಂತ ಗಾಡಿಯ ಡಿಸ್ಕ್ ಬೆಳಿಗ್ಗೆ ಕೆಂಪಾಗಿ ಕಂಡರೆ ಹೆದರಬೇಡಿ. ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಅದು ಒರೆಸಿ ಹೋಗುತ್ತದೆ. ಹೆದರಬೇಕಾದದ್ದು ಒಳಗೆ ಇಳಿದ ತುಕ್ಕಿಗೆ. ಅದು ಡಿಸ್ಕಿನ ಮೇಲೆ ಸಣ್ಣ ಸಣ್ಣ ಗುಳಿ ಮಾಡುತ್ತದೆ. ಆಮೇಲೆ ಡಿಸ್ಕ್ ತುರಿಮಣೆಯ ಹಾಗೆ ಪ್ಯಾಡನ್ನು ತುರಿಯುತ್ತದೆ.

ಇದಕ್ಕೆ ಕಾರಣ ಏನು? ನಾನು ಕಂಡದ್ದು ನಾಲ್ಕು.

ಒಂದನೆಯದು ಉಪ್ಪು. ಮೀನಿನ ಐಸ್ ಕರಗಿ ಇಳಿಯುವ ನೀರು, ಬಂದರಿನ ಧಕ್ಕೆಯಲ್ಲಿ ನಿಂತ ನೀರು, ಸಮುದ್ರದ ಗಾಳಿ, ಎಲ್ಲದರಲ್ಲೂ ಉಪ್ಪಿದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಕಬ್ಬಿಣ ಒಣಗುವುದೇ ಇಲ್ಲ. ಉಪ್ಪುನೀರಿನಲ್ಲಿ ತುಕ್ಕಿನ ಕ್ರಿಯೆಯೂ ಬಹಳ ಚುರುಕು. ಮೀನು ಹೇರದವರು ನಮಗೆ ಸಂಬಂಧ ಇಲ್ಲ ಅಂದುಕೊಳ್ಳಬೇಡಿ. ನಮ್ಮ ಗೋದಾಮಿನಿಂದ ಒಯ್ಯುವ ಪೊಟಾಷ್ ಗೊಬ್ಬರ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನ ತಮ್ಮನೇ ಅದು. ಚೀಲ ಹರಿದು ಚೆಲ್ಲಿದ ಪುಡಿ ಮಳೆನೀರಿನ ಜೊತೆ ಚಕ್ರದ ಮೇಲೆ ಇಳಿದರೆ ಮೀನಿನ ನೀರು ಮಾಡುವ ಕೆಲಸವನ್ನೇ ಮಾಡುತ್ತದೆ.

ಎರಡನೆಯದು ನಿಲ್ಲಿಸಿಡುವುದು. ಓಡುವ ಗಾಡಿಯ ಡಿಸ್ಕನ್ನು ಪ್ಯಾಡೇ ಒರೆಸುತ್ತಿರುತ್ತದೆ. ಎರಡು ತಿಂಗಳು ಅಲುಗಾಡದೆ ನಿಂತರೆ, ಪ್ಯಾಡಿನ ಅಡಿಯಲ್ಲಿ ತೇವ ಕೂತು ಅಲ್ಲಿಯೇ ಅಚ್ಚು ಬೀಳುತ್ತದೆ. ಗಾಡಿ ಹೊರಟ ಮೇಲೆ ಪೆಡಲ್ ಕುಟ್ಟುವುದಕ್ಕೆ ಅದೂ ಒಂದು ಕಾರಣ. "ಡಿಸ್ಕ್ ಬೆಂಡ್ ಆಗಿದೆ" ಎನ್ನುತ್ತೇವೆ. ಹೆಚ್ಚಾಗಿ ಬೆಂಡ್ ಅಲ್ಲ, ದಪ್ಪದಲ್ಲಿ ಹೆಚ್ಚು ಕಡಿಮೆ ಆಗಿರುತ್ತದೆ. ಹಬ್ಬಿನ ಮೇಲಿನ ತುಕ್ಕನ್ನು ಕೆರೆಯದೆ ಹೊಸ ಡಿಸ್ಕ್ ಕೂರಿಸಿದರೂ, ವೀಲ್ ನಟ್‌ಗಳನ್ನು ಒಂದು ಬಿಗಿ ಒಂದು ಸಡಿಲ ಮಾಡಿದರೂ ಇದೇ ಗತಿ.

ಮೂರನೆಯದು ಕ್ಯಾಲಿಪರಿನ ಪಿನ್. ಪ್ಯಾಡನ್ನು ಒತ್ತುವ ಪಿಸ್ಟನ್ ಇರುವುದು ಒಳಬದಿಯಲ್ಲಿ. ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿದರೆ ಮಾತ್ರ ಹೊರಗಿನ ಪ್ಯಾಡೂ ಹಿಡಿಯುತ್ತದೆ. ಪಿನ್ನಿನ ರಬ್ಬರು ಹರಿದು ಉಪ್ಪು, ಕೆಸರು ಒಳಗೆ ಹೋದರೆ ಪಿನ್ ಜಾಮ್. ಆಗ ಒಳಗಿನ ಪ್ಯಾಡು ಒಂದೇ ದುಡಿದು ಸಾಯುತ್ತದೆ, ಹೊರಮುಖ ಕೆಲಸವಿಲ್ಲದೆ ತುಕ್ಕು ಹಿಡಿಯುತ್ತದೆ. ನನ್ನ ಗಾಡಿಯಲ್ಲಿ ಆದದ್ದು ಇದೇ.

ನಾಲ್ಕನೆಯದು ಸೋಮಾರಿಯಾದ ಹಿಂದಿನ ಬ್ರೇಕ್. ಡ್ರಮ್ಮಿನ ಶೂ ಸಡಿಲವಾದರೆ ಹಿಂದಿನವರ ಪಾಲಿನ ಕೆಲಸವನ್ನೂ ಮುಂದಿನ ಡಿಸ್ಕೇ ಮಾಡಬೇಕು. ಇನ್ನೊಂದು ಸಂಗತಿ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಒಂದು ಕಡ್ಡಿ, ಅದರ ತುದಿಯಲ್ಲಿ ಒಂದು ವಾಲ್ವು ಇರುತ್ತದೆ. ಲೋಡಿಗೆ ಗಾಡಿ ತಗ್ಗಿದಷ್ಟೂ ಆ ವಾಲ್ವು ಹಿಂದಿನ ಬ್ರೇಕಿಗೆ ಒತ್ತಡ ಹೆಚ್ಚು ಬಿಡುತ್ತದೆ. ನಾವು ಲೋಡು ಹೆಚ್ಚು ಹೇರಬೇಕೆಂದು ಸ್ಪ್ರಿಂಗಿಗೆ ಎರಡು ಪ್ಲೇಟು ಜಾಸ್ತಿ ಹಾಕಿಸುತ್ತೇವೆ. ಗಾಡಿ ತಗ್ಗುವುದಿಲ್ಲ. ವಾಲ್ವಿಗೆ ಗಾಡಿ ಖಾಲಿ ಇದ್ದ ಲೆಕ್ಕ! ಹಿಂದೆ ಬ್ರೇಕ್ ಕಡಿಮೆ, ಮುಂದಿನ ಡಿಸ್ಕಿನ ಮೇಲೆ ಇಡೀ ಭಾರ.

ಹಾಗಾದರೆ ಏನು ಮಾಡಬೇಕು? ದೊಡ್ಡ ಖರ್ಚಿನ ಕೆಲಸ ಯಾವುದೂ ಇಲ್ಲ.

ಮೀನು ಅಥವಾ ಪೊಟಾಷ್ ಇಳಿಸಿದ ದಿನ ಚಕ್ರ, ಕ್ಯಾಲಿಪರ್, ಅಡಿಭಾಗಕ್ಕೆ ಸಿಹಿನೀರು ಬಿಡಿ. ಘಾಟಿ ಇಳಿದು ಬಂದ ತಕ್ಷಣ ಬಿಡಬೇಡಿ, ಕಾದ ಡಿಸ್ಕ್ ಮೊದಲು ಆರಲಿ. ತೊಳೆದ ಮೇಲೆ ಹಾಗೆಯೇ ನಿಲ್ಲಿಸದೆ ಒಂದು ಸುತ್ತು ಓಡಿಸಿ, ಮೆಲ್ಲಗೆ ಐದಾರು ಸಲ ಬ್ರೇಕ್ ಒತ್ತಿ ಒಣಗಿಸಿ. ರಜೆಯ ಎರಡು ತಿಂಗಳು ಗಾಡಿಯನ್ನು ಮಾಡಿನ ಅಡಿ ನಿಲ್ಲಿಸಿ, ವಾರಕ್ಕೊಮ್ಮೆ ಪೇಟೆಗಾದರೂ ಹೋಗಿಬನ್ನಿ. ಹ್ಯಾಂಡ್ ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಟ್ಟರೆ ಹಿಂದಿನ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ.

ಮಳೆಗಾಲದ ಮೊದಲು ಮತ್ತು ನಂತರ ಒಮ್ಮೊಮ್ಮೆ ಚಕ್ರ ಬಿಚ್ಚಿಸಿ. ಪಿನ್ ಕೈಯಲ್ಲಿ ಜಾರುತ್ತದೆಯೇ ನೋಡಿ. ಅದಕ್ಕೆ ಬ್ರೇಕಿಗೆಂದೇ ಸಿಗುವ ಗ್ರೀಸ್ ಹಾಕಬೇಕು. ಸಾಮಾನ್ಯ ಗ್ರೀಸ್ ಹಾಕಿದರೆ ರಬ್ಬರು ಊದಿಕೊಳ್ಳುತ್ತದೆ. ಪ್ಯಾಡು 3 ಮಿ.ಮೀ.ಗೆ ಬಂದರೆ ಬದಲಾಯಿಸಿ, ತಗಡು ಮುಟ್ಟುವವರೆಗೆ ಕಾಯಬೇಡಿ. ಡಿಸ್ಕಿಗೆ ಅತಿ ಕಡಿಮೆ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ತೆಳುವಾಗುವಂತೆ ಲೇತಿಗೆ ಕೊಡಬೇಡಿ.

ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದು ಗಾಳಿಯ ತೇವ ಕುಡಿಯುತ್ತದೆ. ಡಾಟ್ 3 ಆಯಿಲ್ ಹೊಸದಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಸೇರಿದ ಮೇಲೆ ಅದು 140ಕ್ಕೆ ಇಳಿಯಬಹುದು. ಘಾಟಿಯಲ್ಲಿ ಬ್ರೇಕ್ ಮೇಲೆಯೇ ಇಳಿದರೆ ಆಯಿಲ್ ಕುದಿದು ಒಳಗೆ ಆವಿ ತುಂಬುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಆದ್ದರಿಂದ ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವ ತಮ್ಮಂದಿರಿಗೆ ಕೈಮುಗಿದು ಹೇಳುತ್ತೇನೆ, ಅದು ಉಳಿತಾಯ ಅಲ್ಲ.

ಕೊನೆಯದಾಗಿ ಆಡಳಿತ ಮಂಡಳಿಯಲ್ಲಿ ಒಂದು ವಿನಂತಿ. ರಜತ ಮಹೋತ್ಸವದ ನೆನಪಿಗೆ ಗೋದಾಮಿನ ಅಂಗಳದಲ್ಲಿ ಒಂದು ನಲ್ಲಿ, ಉದ್ದದ ಒಂದು ಪೈಪು ಹಾಕಿಸಿ. ಡಿಸ್ಕಿನ ದಪ್ಪ ಅಳೆಯುವ ಮೈಕ್ರೋಮೀಟರ್ ಒಂದನ್ನು ಸಂಘದಲ್ಲಿ ಇಡಿ. ಒಬ್ಬೊಬ್ಬರೂ ತೆಗೆದುಕೊಳ್ಳುವ ವಸ್ತು ಅಲ್ಲ ಅದು, ಎಲ್ಲರಿಗೂ ಒಂದು ಸಾಕು. ಸಹಕಾರ ಎಂದರೆ ಇದೇ ತಾನೇ?

ನನ್ನ ತಮ್ಮನ ಮಗ ಇಂದು ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಕೈ ಸರಿಯಾಗಿದೆ, ಗಾಡಿ ಬಿಡುತ್ತಾನೆ. ಕಂತು ಒಂದು ತಿಂಗಳು ತಡವಾದರೆ ಕಾರ್ಯದರ್ಶಿಗಳು ನೋಟೀಸು ಕಳಿಸುತ್ತಾರೆ, ಬಡ್ಡಿ ಸೇರಿಸಿ ಕಟ್ಟಬಹುದು. ಬ್ರೇಕೂ ನೋಟೀಸು ಕೊಡುತ್ತದೆ. ಪೆಡಲ್ ಕುಟ್ಟುತ್ತದೆ, ಕಿರಗುಟ್ಟುತ್ತದೆ, ಗಾಡಿ ಒಂದು ಬದಿಗೆ ಎಳೆಯುತ್ತದೆ. ಆ ನೋಟೀಸನ್ನು ಮುಂದಿನ ವಾರಕ್ಕೆ ಮುಂದೂಡಬೇಡಿ ಎಂದು ಕೇಳಿಕೊಳ್ಳುತ್ತೇನೆ.